ಮರ ಕಡಿಯುವ ಕೆಲಸದಲ್ಲಿ ಪ್ರಾಣಾಪಾಯ ತಗ್ಗಿಸುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೇಳಿದವರು: ನಾಟಾ ಗುತ್ತಿಗೆದಾರ, ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಕಡಿದು ಪ್ಲೈವುಡ್ ಕಾರ್ಖಾನೆಗಳಿಗೆ ಸಾಗಿಸುವ ಗುತ್ತಿಗೆಯನ್ನು ತಂದೆಯವರ ನಂತರ ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ 14 ಜನ ಕೆಲಸಗಾರರಿದ್ದಾರೆ, ಮೂರು ಮೆಷಿನ್ ಗರಗಸಗಳಿವೆ. ಕಳೆದ ತಿಂಗಳು ಬುಡ ಕೊಯ್ದ ಮರವೊಂದು ಬೀಳದೆ ಪಕ್ಕದ ಹಲಸಿನ ಕವಲಿಗೆ ಸಿಕ್ಕಿ ನಿಂತಿತು. ಅದನ್ನು ಬಿಡಿಸಲು ಕೆಳಗೆ ಹೋದ ಹುಡುಗನ ಹೆಗಲಿನಿಂದ ಒಂದು ಗೇಣು ದೂರದಲ್ಲಿ ಮರ ಜಾರಿ ನೆಲಕ್ಕೆ ಅಪ್ಪಳಿಸಿತು. ಅವನಿಗೆ ಏನೂ ಆಗಲಿಲ್ಲ, ಆದರೆ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೆಲ್ಮೆಟ್ ತಂದುಕೊಟ್ಟರೆ ಊಟದ ಹೊತ್ತಿಗೆ ಅವು ಬೇಲಿಗೂಟಕ್ಕೆ ನೇತಾಡುತ್ತಿರುತ್ತವೆ, ಗದರಿದರೆ ಎರಡು ದಿನ ತಲೆಗೇರುತ್ತವೆ. ಇದೇ ಕೆಲಸದಲ್ಲಿ ಇರುವವರು ತಮ್ಮ ತಂಡಗಳಲ್ಲಿ ಏನನ್ನು ಬದಲಿಸಿದ ಮೇಲೆ ನಿಜವಾಗಿ ವ್ಯತ್ಯಾಸ ಕಂಡಿತು ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಮರ ಕಡಿಯುವ ತಂಡಗಳಿಗೆ ತರಬೇತಿ ಕೊಡುವವರು, ಕೊಡಗು

ತಮ್ಮ ಪತ್ರ ಓದಿ ಸಮಾಧಾನವಾಯಿತು. ಯಾರಿಗೂ ಪೆಟ್ಟಾಗದ ದಿನವೇ ಇಂಥ ಪ್ರಶ್ನೆ ಕೇಳುವವರು ಈ ಕಸುಬಿನಲ್ಲಿ ಕಡಿಮೆ. ನಾನು 26 ವರ್ಷ ಗರಗಸ ಹಿಡಿದವನು, ಈಗ ಆರು ವರ್ಷಗಳಿಂದ ಹುಡುಗರಿಗೆ ಕಲಿಸುತ್ತಿದ್ದೇನೆ. ಹೆಲ್ಮೆಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ತಮ್ಮ ಹುಡುಗ ಆ ಮರದ ಕೆಳಗೆ ಏಕೆ ಹೋದ ಎಂಬುದನ್ನು ನೋಡೋಣ.

ನನ್ನ ಅಂದಾಜು ಹೀಗಿದೆ. ಹೊತ್ತು ಸಂಜೆ ನಾಲ್ಕರ ಮೇಲಾಗಿತ್ತು, ಲಾರಿ ರಸ್ತೆಯಲ್ಲಿ ನಿಂತಿತ್ತು, ಕೂಲಿ ಟನ್ ಲೆಕ್ಕದಲ್ಲಿತ್ತು. ಸಿಕ್ಕಿ ನಿಂತ ಮರವನ್ನು ಹಾಗೆಯೇ ಬಿಟ್ಟು ಬಂದರೆ ಅದರ ತೂಕ ಆ ದಿನದ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಿರುವಾಗ ಅವನು ಕೆಳಗೆ ಹೋಗದೆ ಇನ್ನೇನು ಮಾಡಿಯಾನು? ನಮ್ಮ ತಂಡದಲ್ಲಿ ಗರಗಸ ಹಿಡಿಯುವ ಮೂವರನ್ನು ಮತ್ತು ಅವರ ಜೊತೆಯವರನ್ನು ಟನ್ ಲೆಕ್ಕದಿಂದ ಬಿಡಿಸಿ ದಿನಗೂಲಿಗೆ ತಂದೆವು. ಮೊದಲ ತಿಂಗಳು ಕೆಲಸ ಹಿಂದೆ ಬಿದ್ದಿತು, ಧಣಿಗಳು ಗೊಣಗಿದರು. ಮೂರನೆಯ ತಿಂಗಳಿನಿಂದ ಸಿಕ್ಕಿ ನಿಲ್ಲುವ ಮರಗಳೇ ಕಡಿಮೆಯಾದವು, ಏಕೆಂದರೆ ಕೊಯ್ಯುವ ಮುಂಚೆ ಮರದ ಸುತ್ತ ಒಂದು ಸುತ್ತು ಬಂದು ತಲೆಯೆತ್ತಿ ನೋಡುವಷ್ಟು ಪುರಸೊತ್ತು ಅವರಿಗೆ ಸಿಕ್ಕಿತ್ತು.

ಇನ್ನೊಂದು ಕಾರಣ ತೋಟದ ಮಾಲೀಕರೊಡನೆ ಆಗುವ ಕರಾರಿನಲ್ಲಿದೆ, ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಕಾಫಿ ಕೊಯ್ಲು ಮುಗಿಯಬೇಕು, ಕಾಫಿ ಹೂವರಳಿಸುವ ಹೂಮಳೆ ಬರುವುದರೊಳಗೆ ಮರ ತೋಟದಿಂದ ಹೊರಗೆ ಹೋಗಬೇಕು, ಮುರಿದ ಕಾಫಿ ಗಿಡಕ್ಕೆ ಇಷ್ಟು ರೂಪಾಯಿ ಹಿಡಿಯಲಾಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಈ ಮೂರು ಮಾತು ಸೇರಿದರೆ ಸಾಕು, ಗರಗಸ ಹಿಡಿದವನು ಮರ ವಾಲಿದ ಕಡೆ ಬೀಳಿಸುವುದನ್ನು ಬಿಟ್ಟು ಎರಡು ಸಾಲು ಕಾಫಿಯ ನಡುವಿನ ಕಿರಿದಾದ ಸಂದಿಗೆ ಬೀಳಿಸಲು ಹೊರಡುತ್ತಾನೆ. ವಾಲಿಕೆಗೆ ವಿರುದ್ಧವಾಗಿ ಎಳೆದ ಮರ ಅರ್ಧಕ್ಕೆ ತಿರುಗಿ ಪಕ್ಕದ ಮರಕ್ಕೆ ಒರಗುವುದು ಇಲ್ಲಿಯೇ. ಒಂದು ಕಾಫಿ ಗಿಡವನ್ನು ಮತ್ತೆ ನೆಟ್ಟು ಬೆಳೆಸಬಹುದು ಎಂಬ ಮಾತನ್ನು ನಾನು ಮಾಲೀಕರ ಎದುರಿಗೇ ಆಡಿದ್ದೇನೆ. ಕೆಲವರು ಮುನಿಸಿಕೊಂಡು ಬೇರೆ ತಂಡ ಕರೆಸಿದರು, ಹೆಚ್ಚಿನವರು ಒಪ್ಪಿದರು.

ಕೊಯ್ಯುವ ಕ್ರಮವನ್ನು ತಮ್ಮ ತಂಡದವರು ಬಲ್ಲರು ಎಂದು ನಂಬಬೇಡಿ. ಅನುಭವವಿದ್ದವರೂ ನೋಡಿ ಕಲಿತವರೇ, ತಪ್ಪನ್ನೂ ನೋಡಿಯೇ ಕಲಿತಿರುತ್ತಾರೆ. ನಾನು ಕಲಿಸುವುದು ಇಷ್ಟು. ಗರಗಸ ಚಾಲೂ ಮಾಡುವ ಮುಂಚೆಯೇ ಬೀಳುವ ದಿಕ್ಕಿಗೆ ಬೆನ್ನಾಗಿ, ಓರೆಯಾಗಿ ಸುಮಾರು 45 ಡಿಗ್ರಿಯಲ್ಲಿ ಓಡಿಹೋಗುವ ದಾರಿಯನ್ನು ಕತ್ತಿಯಿಂದ ಸವರಿ ತೆರವು ಮಾಡಿಕೊಳ್ಳಬೇಕು. ಬೀಳುವ ಕಡೆಯ ಕಚ್ಚು ಮರದ ದಪ್ಪದ ನಾಲ್ಕನೆಯ ಒಂದು ಭಾಗದಷ್ಟು ಆಳವಿರಬೇಕು. ಹಿಂದಿನಿಂದ ಕೊಯ್ಯುತ್ತ ಬಂದು ಪೂರ್ತಿ ಕತ್ತರಿಸದೆ ದಪ್ಪದ ಹತ್ತನೆಯ ಒಂದು ಭಾಗದಷ್ಟು ಮರವನ್ನು ಉಳಿಸಬೇಕು. ಬಾಗಿಲಿಗೆ ಕೀಲು ಇದ್ದಂತೆ ಅದು ಮರವನ್ನು ಹಿಡಿದು ಹೇಳಿದ ಕಡೆಗೆ ಬಾಗಿಸುತ್ತದೆ. ಆ ಕೀಲನ್ನು ಕತ್ತರಿಸಿಬಿಟ್ಟರೆ ಮರ ಯಾರ ಮಾತನ್ನೂ ಕೇಳುವುದಿಲ್ಲ. ಕೊಯ್ಯುವವನನ್ನು ಮತ್ತು ಅವನ ಜೊತೆಯವನನ್ನು ಬಿಟ್ಟರೆ ಉಳಿದವರೆಲ್ಲ ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕು. ಇಳಿಜಾರಿನಲ್ಲಿ ಕೆಳಗಡೆ ಯಾರೂ ಇರಲೇಬಾರದು, ದಿಮ್ಮಿ ಉರುಳಲು ಶುರುವಾದರೆ ಎಲ್ಲಿ ನಿಲ್ಲುವುದೆಂದು ಹೇಳಲಾಗದು.

ಸಿಕ್ಕಿ ನಿಂತ ಮರಕ್ಕೆ ನಮ್ಮಲ್ಲಿ ಒಂದೇ ನಿಯಮವಿದೆ. ಅದರ ಕೆಳಗೆ ಯಾರೂ ಹೋಗಕೂಡದು, ಅದನ್ನು ಹಿಡಿದುಕೊಂಡಿರುವ ಮರವನ್ನು ಕಡಿಯಕೂಡದು, ಇನ್ನೊಂದು ಮರವನ್ನು ಅದರ ಮೇಲೆ ಕೆಡವಿ ಬೀಳಿಸಲು ನೋಡಕೂಡದು. ದೂರದಿಂದ ಹಗ್ಗ ಹಾಕಿ ಟ್ರ್ಯಾಕ್ಟರಿನಿಂದ ಬುಡವನ್ನು ಎಳೆಸಬೇಕು. ಟ್ರ್ಯಾಕ್ಟರ್ ಹೋಗದ ಜಾಗವಾದರೆ ಸುತ್ತಲೂ ಕೆಂಪು ಪಟ್ಟಿ ಕಟ್ಟಿ, ತೋಟದ ಲೆಕ್ಕಪತ್ರ ನೋಡುವ ರೈಟರಿಗೆ ತಿಳಿಸಿ, ಬಿಟ್ಟು ಬರಬೇಕು. ಆ ದಿನದ ಕೂಲಿಯನ್ನು ಒಂದು ಪೈಸೆಯೂ ಕಡಿಯದೆ ಗುತ್ತಿಗೆದಾರನೇ ಕೊಡಬೇಕು. ಈ ಕೊನೆಯ ಮಾತಿಲ್ಲದೆ ಮೇಲಿನ ನಿಯಮ ಒಂದು ದಿನವೂ ನಿಲ್ಲುವುದಿಲ್ಲ.

ಈಗ ಹೆಲ್ಮೆಟ್. ತಾವು ಕೊಟ್ಟದ್ದು ಬೈಕಿನದ್ದೋ ಕಟ್ಟಡ ಕೆಲಸದ್ದೋ ಆಗಿದ್ದರೆ ಅವರು ತೆಗೆದಿಡುವುದರಲ್ಲಿ ಆಶ್ಚರ್ಯವಿಲ್ಲ. ಗಾಳಿ ಕಿಂಡಿಗಳಿರುವ, ಮುಖಕ್ಕೆ ಬಲೆ ಮತ್ತು ಕಿವಿಗೆ ಮುಚ್ಚಳ ಇರುವ ಅರಣ್ಯ ಕೆಲಸದ ಹೆಲ್ಮೆಟ್ ಬೇರೆಯೇ ಇದೆ. ಮೆಷಿನ್ ಗರಗಸದ ಸದ್ದು 100 ಡೆಸಿಬಲ್ ದಾಟುತ್ತದೆ. ನನ್ನ ಎಡಗಿವಿ ಈಗ ಮಂದವಾಗಿದೆ, ಚಳಿಗಾಲದ ಬೆಳಿಗ್ಗೆ ಬೆರಳ ತುದಿಗಳು ಬಿಳಿಚಿ ಜೋಮು ಹಿಡಿಯುತ್ತವೆ. ಇದು ವರ್ಷಗಟ್ಟಲೆ ಗರಗಸದ ನಡುಕ ಕೈಗೆ ಇಳಿದ ಫಲ. ಕಾಲಿಗೆ ಕಟ್ಟುವ ರಕ್ಷಾಕವಚಕ್ಕೂ ದುಡ್ಡು ಹಾಕಿ. ಚೈನು ತಗುಲಿದೊಡನೆ ಅದರೊಳಗಿನ ಉದ್ದನೆಯ ನೂಲುಗಳು ಹೊರಬಂದು ಹಲ್ಲಿನ ಚಕ್ರಕ್ಕೆ ಸುತ್ತಿಕೊಂಡು ಮೆಷಿನನ್ನೇ ನಿಲ್ಲಿಸುತ್ತವೆ. ಗರಗಸದ ಚೈನ್ ಬ್ರೇಕ್ ಕೆಲಸ ಮಾಡುತ್ತಿದೆಯೇ ಎಂದು ದಿನಾ ಬೆಳಿಗ್ಗೆ ನೋಡಬೇಕು. ಚೈನು ಸುತ್ತುವ ಪಟ್ಟಿಯ ತುದಿಯ ಮೇಲ್ಭಾಗ ಕೊಂಬೆಗೆ ತಗುಲಿದರೆ ಮೆಷಿನ್ ಕಣ್ಣು ಮಿಟುಕಿಸುವುದರೊಳಗೆ ಮುಖದತ್ತ ಹಾರುತ್ತದೆ, ಆಗ ಕೈಹಿಡಿತಕ್ಕಿಂತ ಹೆಚ್ಚಾಗಿ ಉಳಿಸುವುದು ಆ ಬ್ರೇಕೇ. ತಾವು ಕೆಲಸದ ಜಾಗಕ್ಕೆ ಹೋದಾಗ ತಮ್ಮ ತಲೆಯ ಮೇಲೂ ಹೆಲ್ಮೆಟ್ ಇರಲಿ, ಹತ್ತು ನಿಮಿಷಕ್ಕೆ ಹೋದರೂ ಸರಿ.

ಉತ್ತರ: ನಿವೃತ್ತ ಲೈನ್‌ಮ್ಯಾನ್, ಚಿಕ್ಕಮಗಳೂರು ಜಿಲ್ಲೆ

ಮೇಲಿನವರು ಬರೆಯದೆ ಬಿಟ್ಟ ಒಂದು ವಿಷಯವಿದೆ. ನಮ್ಮ ಕಡೆ ತೋಟಗಳ ಮೇಲೆ 11 ಕೆ.ವಿ. ಲೈನ್ ಹಾದುಹೋಗುತ್ತದೆ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಮತ್ತು ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ನೆಟ್ಟಗೆ ನಿಲ್ಲಿಸಿಕೊಂಡೇ ಒಯ್ಯುತ್ತಾರೆ. ಹಿಡಿದವನ ಕಣ್ಣು ನೆಲದ ಮೇಲಿರುತ್ತದೆ, ಏಣಿಯ ತುದಿ ತಂತಿಗೆ ತಗುಲುತ್ತದೆ. ನನ್ನ ಸೇವಾವಧಿಯಲ್ಲಿ ಇಂಥ ಸಾವಿನ ಜಾಗಕ್ಕೆ ನಾಲ್ಕು ಸಲ ಹೋಗಿದ್ದೇನೆ. ಒಂದು ಕಡೆ ಏಣಿ ಹಿಡಿದಿದ್ದ ಅಣ್ಣನನ್ನು ಬಿಡಿಸಲು ಹೋದ ತಮ್ಮನೂ ಉಳಿಯಲಿಲ್ಲ.

ಆದ್ದರಿಂದ ಲೈನಿನ ಹತ್ತಿರ ಏಣಿಯನ್ನು ಮಲಗಿಸಿಕೊಂಡು ಇಬ್ಬರು ಹೊರಬೇಕು. ಲೈನಿನ ಮೇಲೆ ಬೀಳಬಹುದಾದ ಮರವನ್ನು ಮುಟ್ಟುವ ಮುಂಚೆ ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು, ಲೈನ್ ಬಂದ್ ಮಾಡಿಸಿ, ಇಲಾಖೆಯವರು ಸ್ಥಳಕ್ಕೆ ಬಂದು ಅರ್ಥ್ ಮಾಡಿದ ಮೇಲೆಯೇ ಗರಗಸ ಹಚ್ಚಬೇಕು. ಕರೆಂಟ್ ಹೋಗಿದೆ, ಬೇಗ ಕಡಿದುಬಿಡೋಣ ಎಂದವರ ಮೇಲೆಯೇ ಕರೆಂಟ್ ಮರಳಿ ಬಂದದ್ದುಂಟು. ಬಿದಿರಿನ ಏಣಿಯಾದರೆ ಭಯವಿಲ್ಲ ಎಂದೂ ಎಣಿಸಬೇಡಿ, ಇಬ್ಬನಿಗೆ ನೆಂದ ಬಿದಿರು ಕರೆಂಟನ್ನು ಸಾಗಿಸುತ್ತದೆ.

ಉತ್ತರ: ಗೃಹಿಣಿ, ಸೋಮವಾರಪೇಟೆ ತಾಲ್ಲೂಕು

ಅಣ್ಣಾವ್ರೇ, ನಾನು ಈ ಕೆಲಸ ಮಾಡಿದವಳಲ್ಲ. ನನ್ನ ಯಜಮಾನರು ದಿಮ್ಮಿ ಲೋಡ್ ಮಾಡುವ ತಂಡದಲ್ಲಿದ್ದರು. ಲಾರಿಗೆ ಎರಡು ಬೊಡ್ಡೆಗಳನ್ನು ಓರೆಯಾಗಿ ಒರಗಿಸಿ, ಅವುಗಳ ಮೇಲೆ ದಿಮ್ಮಿಯನ್ನು ಹಗ್ಗದಿಂದ ಉರುಳಿಸಿ ಏರಿಸುವುದು ತಮಗೆ ಗೊತ್ತೇ ಇದೆ. ಕತ್ತಲಾಗಿತ್ತಂತೆ, ಟಾರ್ಚ್ ಬೆಳಕಿನಲ್ಲಿ ಕೊನೆಯ ದಿಮ್ಮಿ ಏರಿಸುತ್ತಿದ್ದರಂತೆ, ಒಂದು ಬದಿಯ ಹಗ್ಗ ಜಾರಿ ದಿಮ್ಮಿ ಹಿಂದಕ್ಕೆ ಉರುಳಿತಂತೆ. ಅವರು ಕೆಳಗಿನಿಂದ ಹೆಗಲು ಕೊಟ್ಟು ತಳ್ಳುತ್ತಿದ್ದರು.

ಆಮೇಲಿನ ಕಥೆಯನ್ನು ತಮ್ಮಂಥವರು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲ. ಗುತ್ತಿಗೆದಾರರು ಮೇಸ್ತ್ರಿಯನ್ನು ತೋರಿಸಿದರು, ಮೇಸ್ತ್ರಿ ತಾನೂ ಕೂಲಿಯವನೇ ಎಂದರು, ತೋಟದವರು ಮರ ಮಾರಿದ ಮೇಲೆ ನಮಗೆ ಸಂಬಂಧವಿಲ್ಲ ಎಂದರು. ಊರಿನ ವಕೀಲರೊಬ್ಬರು ನನ್ನನ್ನು ಕೂರಿಸಿಕೊಂಡು ಓದಿ ಹೇಳಿದರು: 1923ರ ನೌಕರರ ಪರಿಹಾರ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಮರ ಕಡಿದು ಸಾಗಿಸುವ ಕೆಲಸವನ್ನು ಹೆಸರಿಸಿಯೇ ಸೇರಿಸಿದ್ದಾರೆ, 12ನೆಯ ಕಲಮಿನಂತೆ ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನಿಂದಲೂ ಪರಿಹಾರ ಕೇಳಬಹುದು, ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಬೇಕು. ಈ ಕಾಯ್ದೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ ಎಂದೂ ಅವರು ತಿಳಿಸಿದರು. ಯಜಮಾನರು ಅಲ್ಲಿ ಕೆಲಸ ಮಾಡುತ್ತಿದ್ದರು ಎಂಬುದನ್ನು ರುಜುವಾತು ಮಾಡುವುದಕ್ಕೇ ನನಗೆ ಹದಿನೇಳು ತಿಂಗಳು ಹಿಡಿಯಿತು.

ಆದ ಕಾರಣ ತಮ್ಮ 14 ಜನರ ಹೆಸರನ್ನು ನಾಳೆಯೇ ಒಂದು ಪುಸ್ತಕದಲ್ಲಿ ಬರೆದು ದಿನಾ ಸಹಿ ಹಾಕಿಸಿಕೊಳ್ಳಿ. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ 2 ಲಕ್ಷ ಸಿಗುತ್ತದೆ. ಪ್ರತಿಯೊಬ್ಬರ ಖಾತೆಗೂ ಅದನ್ನು ಮಾಡಿಸಿ, ತಾವು ಕೊಡಬೇಕಾದ ಪರಿಹಾರಕ್ಕೆ ಅದು ಬದಲಿಯಲ್ಲ ಎಂಬುದೂ ನೆನಪಿರಲಿ. ಕತ್ತಲಾದ ಮೇಲೆ ಲೋಡ್ ಮಾಡಿಸಬೇಡಿ. ಲಾರಿ ಬಾಡಿಗೆ ಒಂದು ದಿನ ಹೆಚ್ಚಾದರೆ ಆಗಲಿ.

ಉತ್ತರ: ಅರಣ್ಯ ಕಂಪನಿಯ ಸುರಕ್ಷತಾ ವಿಭಾಗದಲ್ಲಿರುವವರು, ರೊಟೊರುವಾ, ನ್ಯೂಜಿಲೆಂಡ್

ತಾಯಿಯವರ ಮಾತು ಓದಿದ ಮೇಲೆ ಬರೆಯುವುದು ಕಷ್ಟ, ಆದರೂ ಇಲ್ಲಿ ನಡೆದದ್ದನ್ನು ಹೇಳುವುದು ಪ್ರಯೋಜನಕ್ಕೆ ಬರಬಹುದು. ನಾನು ಶಿರಸಿಯ ಕಡೆಯವನು. ಇಲ್ಲಿನ ಪೈನ್ ನೆಡುತೋಪುಗಳಲ್ಲಿ 2013ರ ಒಂದೇ ವರ್ಷದಲ್ಲಿ 10 ಕಾರ್ಮಿಕರು ಸತ್ತರು. ಒಳ್ಳೆಯ ಹೆಲ್ಮೆಟ್, ಒಳ್ಳೆಯ ಯಂತ್ರ, ಬರೆದಿಟ್ಟ ಸಂಹಿತೆ ಎಲ್ಲವೂ ಇದ್ದ ದೇಶದಲ್ಲಿ ಹೀಗಾಯಿತು. ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷೆಯಾಗಿದ್ದ ಹೆಲೆನ್ ಕೆಲ್ಲಿಯವರು ಸತ್ತವರ ಮನೆಯವರ ಬೆನ್ನಿಗೆ ನಿಂತು ಬಿಡದೆ ಹೋರಾಡಿದರು. 2014ರಲ್ಲಿ ಸ್ವತಂತ್ರ ಪರಿಶೀಲನಾ ಸಮಿತಿಯ ವರದಿ ಬಂದಿತು. 2015ರಲ್ಲಿ ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಗೆ ಹೊಸ ಕಾಯ್ದೆ ಆಯಿತು, 2016ರ ಏಪ್ರಿಲ್‌ನಿಂದ ಜಾರಿಗೆ ಬಂದಿತು.

ಆ ಕಾಯ್ದೆಯಿಂದ ನಮ್ಮ ಕೆಲಸದಲ್ಲಿ ಬದಲಾದ ಮುಖ್ಯ ಸಂಗತಿಯೆಂದರೆ ಹೊಣೆ ಗುತ್ತಿಗೆದಾರನ ಹತ್ತಿರವೇ ನಿಲ್ಲುವುದಿಲ್ಲ. ಕಾಡಿನ ಒಡೆತನವಿರುವವರು, ಅದನ್ನು ನಿರ್ವಹಿಸುವ ಕಂಪನಿ, ಮರ ಕಡಿಯುವ ತಂಡ, ಒಂದೇ ಕೆಲಸದಲ್ಲಿ ಕೈ ಇರುವ ಎಲ್ಲರೂ ಕೂತು ಮಾತಾಡಿ ಹೊಣೆ ಹಂಚಿಕೊಳ್ಳಬೇಕು. ಕರಾರಿಗೆ ಸಹಿ ಮಾಡಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಅಪಾಯ ಕಂಡ ಕಾರ್ಮಿಕನಿಗೆ ಕೆಲಸ ನಿಲ್ಲಿಸುವ ಹಕ್ಕು ಕಾನೂನಿನಲ್ಲಿಯೇ ಇದೆ. ಕಡಿದಾದ ಗುಡ್ಡಗಳಲ್ಲಿ ಈಗ ಉಕ್ಕಿನ ಹಗ್ಗದ ಆಧಾರವಿರುವ ಯಂತ್ರಗಳು ಮರ ಕಡಿಯುತ್ತವೆ, ಮನುಷ್ಯ ಕ್ಯಾಬಿನ್ನಿನೊಳಗೆ ಇರುತ್ತಾನೆ. ಹಾಗಿದ್ದರೂ ಸಾವು ಪೂರ್ತಿ ನಿಂತಿಲ್ಲ ಎಂಬುದನ್ನು ನೋವಿನಿಂದ ಹೇಳುತ್ತೇನೆ.

ಯಂತ್ರ ತಮ್ಮ ಕೈಗೆಟುಕದಿರಬಹುದು. ನಮ್ಮ ತಂಡಗಳು ದಿನಾ ಮಾಡುವ ಇನ್ನೊಂದು ಕೆಲಸಕ್ಕೆ ಖರ್ಚಿಲ್ಲ. ಬೆಳಿಗ್ಗೆ ಚಹಾ ಕುಡಿಯುವಾಗ ನಿನ್ನೆ ಎಲ್ಲಿ ಸ್ವಲ್ಪದರಲ್ಲಿ ತಪ್ಪಿತು ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಹೇಳಿದವನನ್ನು ಬೈಯುವಂತಿಲ್ಲ. ತಮ್ಮ ಹಲಸಿನ ಮರದ ಪ್ರಸಂಗವನ್ನು ಆ ಹುಡುಗನ ಬಾಯಿಂದಲೇ ತಂಡಕ್ಕೆ ಹೇಳಿಸಿದ್ದೀರಾ?

ಹೊರಗೆ ಮಾಲು ಕಳಿಸುವ ಪ್ಲೈವುಡ್ ಕಾರ್ಖಾನೆಗಳ ಜೊತೆ ವ್ಯವಹಾರವಿದ್ದರೆ ಇನ್ನೊಂದು ದಾರಿಯೂ ಇದೆ. ಎಫ್‌ಎಸ್‌ಸಿ (ಕಾಡನ್ನು ಹೊಣೆಯರಿತು ನೋಡಿಕೊಳ್ಳುತ್ತಾರೆಂದು ಖಾತ್ರಿಪಡಿಸುವ ಅಂತರರಾಷ್ಟ್ರೀಯ ಸಂಸ್ಥೆ) ಪ್ರಮಾಣಪತ್ರಕ್ಕೆ ಒಳಪಟ್ಟ ಕಾಡು, ತೋಪುಗಳಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1998ರ ಅರಣ್ಯ ಕೆಲಸದ ಸುರಕ್ಷತಾ ಸಂಹಿತೆಯ ಮಟ್ಟವನ್ನು ಪಾಲಿಸಬೇಕಾಗುತ್ತದೆ. ಆ ಪ್ರಮಾಣಪತ್ರದ ಮಾಲನ್ನೇ ಕೇಳುವ ಕಾರ್ಖಾನೆಯಿದ್ದರೆ, ಸುರಕ್ಷತೆಗೆ ತಗಲುವ ಖರ್ಚನ್ನು ದರದಲ್ಲಿ ಸೇರಿಸಿ ಎಂದು ತಾವು ಧೈರ್ಯವಾಗಿ ಕೇಳಬಹುದು.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರಪೇಟೆಯ ಅಕ್ಕನವರಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಹಾಜರಿ ಪುಸ್ತಕವನ್ನು ಇಂದು ತಂದಿದ್ದೇನೆ, ಗುರುವಾರ ಎಲ್ಲರನ್ನೂ ಬ್ಯಾಂಕಿಗೆ ಕರೆದೊಯ್ಯುತ್ತೇನೆ. ಹುಡುಗನಿಂದ ಹೇಳಿಸಿರಲಿಲ್ಲ. ಇಂದು ಬೆಳಿಗ್ಗೆ ಹೇಳಿಸಿದೆ. ಅವನು ಮುಗಿಸಿದ ಮೇಲೆ ಇನ್ನೂ ಮೂವರು ತಮಗಾದದ್ದನ್ನು ಹೇಳಿದರು, ಅವು ಯಾವುವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಕೊಡಗಿನವರಲ್ಲಿ ಒಂದು ವಿನಂತಿ. ಕಾಫಿ ಗಿಡದ ಕಲಮಿನ ಬದಲು ತಾವು ಕರಾರಿನಲ್ಲಿ ಏನು ಬರೆಸುತ್ತೀರಿ?

ಉತ್ತರ: ತರಬೇತಿ ಕೊಡುವವರು, ಕೊಡಗು

ನಾವು ಬರೆಸುವುದು ಹೀಗೆ: "ಮರ ಬೀಳಿಸುವ ದಿಕ್ಕನ್ನು ಗರಗಸ ಹಿಡಿದವನೇ ನಿರ್ಧರಿಸತಕ್ಕದ್ದು. ಆ ದಿಕ್ಕಿನಲ್ಲಿ ಮುರಿಯಬಹುದಾದ ಕಾಫಿ ಗಿಡಗಳನ್ನು ಉಭಯತ್ರರೂ ಮುಂಚಿತವಾಗಿ ಎಣಿಸಿ ಗುರುತು ಮಾಡತಕ್ಕದ್ದು. ಅವುಗಳ ಬಾಬ್ತು ಹಣ ಹಿಡಿಯತಕ್ಕದ್ದಲ್ಲ. ಮಳೆ, ಗಾಳಿ ಅಥವಾ ಕತ್ತಲೆಯ ಕಾರಣ ಕೆಲಸ ನಿಂತರೆ ಗಡುವು ಅಷ್ಟು ದಿನ ಮುಂದಕ್ಕೆ ಹೋಗತಕ್ಕದ್ದು." ಸಹಿಯಾದ ಮೇಲೆ ಕೆಲಸ ಶುರುವಾಗುವ ದಿನ ಮಾಲೀಕರ ಎದುರಿನಲ್ಲಿ ಇದನ್ನು ತಂಡಕ್ಕೆ ಗಟ್ಟಿಯಾಗಿ ಓದಿ ಹೇಳಿ. ಅಸ್ಸಾಮಿನ ಹುಡುಗರಿದ್ದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ಇನ್ನೊಮ್ಮೆ ಹೇಳಿಸಿ.