ತಿಪಟೂರಿನಿಂದ ಕೇಳ್ತಿದ್ದೀನಿ: ಪಾಯಿಂಟ್ 32 ಪಿಸ್ತೂಲ್ ತಗೊಳ್ಳೋ ಮುಂಚೆ ಏನೇನು ನೋಡಬೇಕು?

ಕೇಳಿದವರು: ಕೊಬ್ಬರಿ ಮಂಡಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ಡಿಸಿ ಆಫೀಸಿಗೆ ಅಲೆದೂ ಅಲೆದು ಕೊನೆಗೂ ಪಿಸ್ತೂಲ್ ಲೈಸೆನ್ಸ್ ಕೈಗೆ ಬಂತು. ಮನೇಲಿ ತಾತನ ಕಾಲದ ಒಂಟಿ ನಳಿಗೆ ಬಂದೂಕು ಇದೆ, ಪಿಸ್ತೂಲ್ ಮುಟ್ಟಿದವರು ಯಾರೂ ಇಲ್ಲ. ಬೆಂಗಳೂರಿನ ಒಬ್ಬ ಡೀಲರ್ ಎರಡು ಪಾಯಿಂಟ್ 32 (ಗುಂಡಿನ ಅಳತೆ) ಪಿಸ್ತೂಲ್ ತೋರಿಸಿದ್ರು. ಒಂದು ಸರ್ಕಾರಿ ಕಾರ್ಖಾನೆಯ ಹೊಸದು. ಇನ್ನೊಂದು ಯಾರೋ ಮಾರೋಕೆ ಇಟ್ಟಿರೋ ಹಳೇ ಫಾರಿನ್ ಪೀಸು, ರೇಟು ಹೊಸದರ ಹಲವು ಪಟ್ಟು. "ಫಾರಿನ್ ಫಾರಿನ್ನೇ ಸಾರ್" ಅಂತಾರೆ ಅವರು. ಕೊಳ್ಳೋ ಮುಂಚೆ ಒಳ್ಳೇದು ಕೆಟ್ಟದ್ದು ಗೊತ್ತು ಮಾಡ್ಕೊಳ್ಳೋದು ಹೇಗೆ? ತಂದು ನಮ್ಮ ತೋಟದಲ್ಲೇ ನಾಲ್ಕು ಗುಂಡು ಹೊಡೆದು ನೋಡಬಹುದಾ? ರಿವಾಲ್ವರೇ ವಾಸಿ ಅನ್ನೋರೂ ಇದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಮಾಜಿ ಸೈನಿಕ, ಗುಬ್ಬಿ

ಫೌಜಲ್ಲಿ ಆರ್ಮರರ್ (ಬಂದೂಕು ರಿಪೇರಿ ಮಾಡೋನು) ಕೆಲಸ ಮಾಡಿದವನು ನಾನು. ತೋಟದ ಮಾತು ಮೊದಲು ಮುಗಿಸಿಬಿಡೋಣ. ನಿಮ್ಮ ಲೈಸೆನ್ಸಿನಲ್ಲಿ ನಮೂದಾಗದ ಪಿಸ್ತೂಲನ್ನ ಟ್ರಯಲ್‌ಗೆ ಅಂತ ಊರಿಗೆ ತಂದ್ರೆ ಅದೇ ಒಂದು ಕೇಸು. ತೋಟದಲ್ಲಿ ಹಾರಿಸಿದ್ರೆ ಇನ್ನೊಂದು. ಗುಂಡು ಸಣ್ಣದು ಅಂತ ನಿಮ್ಮ ಬೇಲಿಯಲ್ಲೇ ನಿಲ್ಲಲ್ಲ. ಹೊಡೆದು ನೋಡೋ ಆಸೆ ಇದ್ರೆ ಡೀಲರ್ ಮೂಲಕ ಶೂಟಿಂಗ್ ರೇಂಜಿನಲ್ಲಿ ವ್ಯವಸ್ಥೆ ಆಗುತ್ತಾ ಕೇಳಿ. ಆಗದಿದ್ರೂ ಚಿಂತೆಯಿಲ್ಲ, ಗುಂಡು ಹಾರಿಸದೆ ಕೌಂಟರಿನ ಮೇಲೇ ಬಹಳಷ್ಟು ಗೊತ್ತಾಗುತ್ತೆ.

ಖಾಲಿ ಇದೆ ಅಂತ ಅವರು ಹೇಳಿದ್ರೂ ನೀವೇ ನೋಡಿ. ಮೊದಲು ಮ್ಯಾಗಜೀನ್ (ಹಿಡಿಯೊಳಗಿನ ಗುಂಡಿನ ಡಬ್ಬಿ) ತೆಗೀಬೇಕು, ಆಮೇಲೆ ಸ್ಲೈಡ್ (ಮೇಲಿನ ಜಾರೋ ಭಾಗ) ಎಳೀಬೇಕು, ಆಮೇಲೆ ಚೇಂಬರಿಗೆ (ನಳಿಗೆಯ ಹಿಂದೆ ಗುಂಡು ಕೂರೋ ಜಾಗ) ಕಿರುಬೆರಳು ಹಾಕಿ ಮುಟ್ಟಬೇಕು. ಸ್ಲೈಡ್ ಮೊದಲು ಎಳೆದು ಮ್ಯಾಗಜೀನ್ ಆಮೇಲೆ ತೆಗೆದ್ರೆ ಒಂದು ಗುಂಡು ಚೇಂಬರಿಗೆ ಹತ್ತಿ ಕೂತಿರುತ್ತೆ, ನಿಮ್ಮ ಕೈಯಲ್ಲಿ ಖಾಲಿ ಪಿಸ್ತೂಲ್ ಇದೆ ಅಂದ್ಕೊಂಡಿರ್ತೀರಿ.

ಡೀಲರ್ ಅನುಮತಿ ತಗೊಂಡು, ಗೋಡೆ ಕಡೆ ಮುಖ ಮಾಡಿ, ಇಷ್ಟು ಮಾಡಿ. ಸ್ಲೈಡ್ ಎಳೆದು ಬಿಟ್ಟು ಕಾಕ್ ಮಾಡಿ (ಹೊಡೆಯೋಕೆ ಸಿದ್ಧ ಮಾಡಿ), ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಒತ್ತಿ ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೀರಿ. ಆ ಕ್ಷಣ ಹ್ಯಾಮರ್ (ಪಿನ್ನಿಗೆ ಹೊಡೆಯೋ ಸುತ್ತಿಗೆಯಂಥ ಭಾಗ) 'ಟಕ್' ಅಂತ ಬಿದ್ರೆ ಮಾತಾಡದೆ ಎದ್ದು ಬನ್ನಿ, ಎಷ್ಟು ಕಡಿಮೆಗೆ ಕೊಟ್ರೂ ಬೇಡ. ಇನ್ನೊಂದು: ಟ್ರಿಗರ್ ಒತ್ತಿ ಹಿಡಿದೇ ಇರಿ, ಹಾಗೇ ಸ್ಲೈಡ್ ಪೂರ್ತಿ ಎಳೆದು ಬಿಡಿ. ಹ್ಯಾಮರ್ ಬೀಳಬಾರದು. ಟ್ರಿಗರ್ ಬಿಟ್ಟು ಮತ್ತೆ ಒತ್ತಿದಾಗಲೇ ಬೀಳಬೇಕು. ಇದು ತಪ್ಪಿದ್ರೆ ಒಂದು ಸಲ ಒತ್ತಿದಾಗ ಎರಡು ಮೂರು ಗುಂಡು ಹಾರೋ ಅಪಾಯ ಇರುತ್ತೆ.

ಜೇಬಲ್ಲಿ ರಬ್ಬರ್ ಇರೋ ಪೆನ್ಸಿಲ್ ಒಂದು ತಗೊಂಡು ಹೋಗಿ. ಖಾಲಿ ಪಿಸ್ತೂಲಿನ ಬಾಯಿ ಮೇಲೆ ಮಾಡಿ, ರಬ್ಬರ್ ಕೆಳಗೆ ಬರೋ ಹಾಗೆ ನಳಿಗೆಯೊಳಗೆ ಬಿಡಿ. ಮುಖ ಪಕ್ಕಕ್ಕಿರಲಿ. ಟ್ರಿಗರ್ ಒತ್ತಿದ್ರೆ ಫೈರಿಂಗ್ ಪಿನ್ (ಗುಂಡಿನ ತಳಕ್ಕೆ ಹೊಡೆಯೋ ಮೊಳೆ) ಹೊಡೆತಕ್ಕೆ ಪೆನ್ಸಿಲ್ ಚಂಗನೆ ಹಾರಬೇಕು. ಅರ್ಧಕ್ಕೆದ್ದು ಕೂತ್ರೆ ಸ್ಪ್ರಿಂಗ್ ಸೋತಿದೆ, ಇಲ್ಲಾ ಪಿನ್ ಸವೆದಿದೆ, ಇಲ್ಲಾ ಒಳಗೆ ಹಳೇ ಎಣ್ಣೆ ಗಟ್ಟಿಯಾಗಿದೆ.

ನಳಿಗೆ ಬಿಚ್ಚಿಸಿ ಬೆಳಕಿಗೆ ಹಿಡೀರಿ. ಸುರುಳಿ ಗೆರೆಗಳ ಅಂಚು ಚೂಪಾಗಿರಬೇಕು. ಎಲ್ಲಾದ್ರೂ ಕಪ್ಪು ಉಂಗುರದಂಥ ನೆರಳು ಕಂಡ್ರೆ ಅಲ್ಲಿ ನಳಿಗೆ ಉಬ್ಬಿದೆ ಅಂತ ಅರ್ಥ. ಸಣ್ಣ ಸಣ್ಣ ಗುಳಿ ತುಕ್ಕಿನದು. ಹೊರಗಿನ ಪಾಲಿಶ್ ನೋಡಿ ಮರುಳಾಗಬೇಡಿ, ಹಳೇದಕ್ಕೆ ಹೊಸ ಬಣ್ಣ ಹಾಕೋದು ಒಂದು ದಿನದ ಕೆಲಸ.

ಇಷ್ಟೆಲ್ಲ ಸರಿಯಿದ್ರೂ ಪಿಸ್ತೂಲ್ ಕೈ ಕೊಡೋದು ಹೆಚ್ಚಾಗಿ ಮ್ಯಾಗಜೀನಿಂದ. ಡಮ್ಮಿ (ಮದ್ದಿಲ್ಲದ) ಗುಂಡು ಕೇಳಿ, ಮ್ಯಾಗಜೀನ್ ಪೂರ್ತಿ ತುಂಬಿಸಿ, ಕೈಯಲ್ಲೇ ಸ್ಲೈಡ್ ಎಳೆದೆಳೆದು ಎಲ್ಲ ಹೊರಗೆ ಹಾಕಿ. ಎಲ್ಲೂ ತಡೀಬಾರದು. ಪಾಯಿಂಟ್ 32 ಗುಂಡಿನ ತಳದಲ್ಲಿ ಸಣ್ಣ ಅಂಚು ಇರುತ್ತೆ. ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತ್ರೆ ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಸರಿಯಾದ ಹೊತ್ತಲ್ಲೇ ಜಾಮ್. ಇದನ್ನ ಅಂಗಡಿಯಲ್ಲಿ ಯಾರೂ ಹೇಳಿಕೊಡಲ್ಲ.

ಗೌರಿಬಿದನೂರಿನವನು

ಫಾರಿನ್ ಅಂದ ತಕ್ಷಣ ಬಾಯಿ ಬಿಡಬೇಡಿ ಅಣ್ಣ. 80ರ ದಶಕದಲ್ಲಿ ಆಮದು ನಿಂತ ಮೇಲೆ ನಮ್ಮಂಥವರಿಗೆ ಹೊಸ ಫಾರಿನ್ ಪಿಸ್ತೂಲ್ ಬರೋದು ನಿಂತೇ ಹೋಯ್ತು. ಇರೋದೇ ಕೈಯಿಂದ ಕೈಗೆ ಓಡಾಡ್ತಿರೋದು. ನೀವು ಕೊಡೋ ದುಡ್ಡಲ್ಲಿ ಬಹುಪಾಲು ಆ ಬರಕ್ಕೆ, ಕಬ್ಬಿಣಕ್ಕಲ್ಲ. ನಮ್ಮಪ್ಪನಿಂದ ಬಂದ ಜರ್ಮನ್ ಪಿಸ್ತೂಲ್ ನನ್ನ ಹತ್ರ ಇದೆ. ಕೆಲಸಗಾರಿಕೆ ನೋಡಿದ್ರೆ ಈಗಲೂ ಕಣ್ಣು ತಂಪಾಗುತ್ತೆ, ಸುಳ್ಳು ಹೇಳಲ್ಲ. ಆದ್ರೆ ಎಕ್ಸ್‌ಟ್ರಾಕ್ಟರ್ (ಹಾರಿಸಿದ ಮೇಲೆ ಖಾಲಿ ಕೇಸು ಎಳೆಯೋ ಕೊಕ್ಕೆ) ಮುರಿದಾಗ ಬಿಡಿಭಾಗಕ್ಕೆ ಸುತ್ತದ ಅಂಗಡಿಯಿಲ್ಲ. ಕೊನೆಗೆ ಲೇತಲ್ಲಿ ಮಾಡಿಸಿ ಕೂರಿಸಿದ್ದು, ಖಾಲಿ ಕೇಸು ಒಮ್ಮೆ ಹೊರಗೆ ಬಿಸಾಕಿದ್ರೆ ಒಮ್ಮೆ ಇಲ್ಲ.

ಹಳೇದೇ ಬೇಕು ಅಂದ್ರೆ ಮ್ಯಾಗಜೀನ್ ಎಷ್ಟು ಕೊಡ್ತಾರೆ ಕೇಳಿ, ಒಂದೇ ಅಂದ್ರೆ ಯೋಚನೆ ಮಾಡಿ. ಫ್ರೇಮ್, ಸ್ಲೈಡ್, ನಳಿಗೆ ಮೂರರ ನಂಬರೂ ಮಾರೋರ ಲೈಸೆನ್ಸಿನಲ್ಲಿ ಬರೆದಿರೋ ಪಿಸ್ತೂಲ್ ನಂಬರೂ ಹೊಂದಬೇಕು, ಒಂದಂಕಿ ಉಜ್ಜಿದ ಹಾಗಿದ್ರೂ ಬೇಡ. ಲೈಸೆನ್ಸ್‌ದಾರರಿಂದ ನೇರವಾಗಿ ತಗೊಳ್ಳೋದಾದ್ರೆ ಮಾರೋರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಅದಕ್ಕೆ ಮುಂಚೆ ಅಡ್ವಾನ್ಸ್ ಜಾಸ್ತಿ ಕೊಡಬೇಡಿ.

ಕೋಲಾರದಿಂದ, ಪಾಯಿಂಟ್ 22 ಹೊಡೆಯೋಳು

ಅಣ್ಣಂದಿರು ಪಿಸ್ತೂಲ್ ಬಗ್ಗೆ ಹೇಳಿದ್ರು, ನಾನು ಕೈ ಬಗ್ಗೆ ಹೇಳ್ತೀನಿ. ಕಣ್ಣು ಮುಚ್ಚಿ ಪಿಸ್ತೂಲನ್ನ ಗೋಡೆಯ ಒಂದು ಗುರುತಿನ ಕಡೆ ಎತ್ತಿ, ಕಣ್ಣು ಬಿಡಿ. ಗುರಿ ನೋಡೋ ಸೈಟು ಹೆಚ್ಚು ಕಡಿಮೆ ಗುರುತಿನ ಮೇಲೇ ಇದ್ರೆ ಹಿಡಿ ನಿಮಗೆ ಹೊಂದುತ್ತೆ. ಪ್ರತಿ ಸಲ ಒಂದೇ ಪಕ್ಕಕ್ಕೆ ವಾಲಿದ್ರೆ ಇನ್ನೊಂದು ನೋಡಿ. ಟ್ರಿಗರ್ ಮೇಲೆ ಬೆರಳ ತುದಿಯ ಮೆತ್ತನೆ ಭಾಗ ಕೂರಬೇಕು.

ಸ್ಲೈಡ್ ನೀವೇ ಎಳೆದು ನೋಡಿ, ಮನೇಲಿ ಇನ್ನೊಬ್ಬರಿಗೂ ಲೈಸೆನ್ಸ್ ಇದ್ರೆ ಅವರ ಕೈಲೂ ಎಳೆಸಿ. ಈ ಪಿಸ್ತೂಲ್‌ಗಳಲ್ಲಿ ಹೆಚ್ಚಿನವಕ್ಕೆ ನಳಿಗೆ, ಸ್ಲೈಡ್ ಮಧ್ಯೆ ಲಾಕ್ ಇರಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗೇ ಎಲ್ಲ ತಡ್ಕೋಬೇಕು. ಹಾಗಾಗಿ ಗುಂಡು ಚಿಕ್ಕದಾದ್ರೂ ಸ್ಪ್ರಿಂಗ್ ಬಿಗಿ. ಬೆವರಿದ ಕೈಲಿ ಜಾರುತ್ತೆ.

ಶಿರಾ ಗೇಟ್

ರಿವಾಲ್ವರ್ ವಾಸಿ ಅನ್ನೋದು ಪೂರ್ತಿ ಸುಳ್ಳಲ್ಲ. ಗುಂಡು ತಿರುಗೋ ಗಾಲಿಯಲ್ಲಿ ಕೂರೋದ್ರಿಂದ ಮ್ಯಾಗಜೀನ್ ತಾಪತ್ರಯ ಇಲ್ಲ, ಒಂದು ಹಾರದಿದ್ರೆ ಮತ್ತೆ ಒತ್ತಿದ್ರೆ ಮುಂದಿನದು ಬರುತ್ತೆ. ಕಾನ್ಪುರದಿಂದ 2014ರಲ್ಲಿ ಬಂದ ಹಗುರ ನಿರ್ಭೀಕ್ ಕೂಡ ಪಾಯಿಂಟ್ 32 ರಿವಾಲ್ವರೇ. ಆದ್ರೆ ಎರಡಕ್ಕೂ ಪಾಯಿಂಟ್ 32 ಅಂತ ಹೆಸರಿದ್ರೂ ಪಿಸ್ತೂಲ್ ಗುಂಡೇ ಬೇರೆ, ರಿವಾಲ್ವರ್ ಗುಂಡೇ ಬೇರೆ. ಲೈಸೆನ್ಸಲ್ಲಿ ಏನು ಬರೆದಿದೆ ನೋಡ್ಕೊಳ್ಳಿ. ಮತ್ತೆ ತಾತನ ಬಂದೂಕು ನಿಮ್ಮ ಹೆಸರಲ್ಲೇ ಇದ್ರೆ, ಇದು ಸೇರಿ ಎರಡಾಯ್ತು. 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿ ಮೇಲೆ ಅದಕ್ಕಿಂತ ಹೆಚ್ಚು ಇಟ್ಕೊಳ್ಳೋ ಹಾಗಿಲ್ಲ.

ಕೊಬ್ಬರಿ ಮಂಡಿ, ತಿಪಟೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೆನ್ಸಿಲ್ ಜೇಬಲ್ಲಿಟ್ಕೊಂಡು ಹೋಗಿದ್ದೆ, ಡೀಲರ್ ನಕ್ಕರು, ಆಮೇಲೆ ಅವರೇ ಕುತೂಹಲದಿಂದ ನೋಡಿದ್ರು. ಹೊಸದರಲ್ಲಿ ಚೆನ್ನಾಗಿ ಹಾರ್ತು. ಫಾರಿನ್ ಪೀಸಲ್ಲೂ ಹಾರ್ತು, ಆದ್ರೆ ಡಮ್ಮಿ ತುಂಬಿಸಿ ಎಳೆದಾಗ ಮೂರನೇದು ಮೂತಿ ಎತ್ತಿ ನಿಂತ್ಕೊಳ್ತು. ಮ್ಯಾಗಜೀನಿನ ತುಟಿ (ಗುಂಡು ಹಿಡಿದಿಡೋ ಮೇಲಿನ ಅಂಚು) ಒಂದು ಕಡೆ ಅಗಲ ಆಗಿದೆ, ಇನ್ನೊಂದು ಮ್ಯಾಗಜೀನ್ ಇಲ್ಲ. ಹೊಸದಕ್ಕೇ ಮನಸ್ಸು ಮಾಡಿದ್ದೀನಿ. ತಂದ ಮೇಲೆ ಏನಾದ್ರೂ ಇದ್ರೆ ಹೇಳಿ.

ಮಾಜಿ ಸೈನಿಕ, ಗುಬ್ಬಿ

ಒಳ್ಳೇ ಕೆಲಸ. ಮ್ಯಾಗಜೀನ್ ಇನ್ನೊಂದು ಈಗಲೇ ಕೇಳಿ ತಗೊಳ್ಳಿ. ಪಿಸ್ತೂಲ್ ನಂಬರ್ ಲೈಸೆನ್ಸಿಗೆ ಏರಿಸಿ, ಡಿಸಿ ಆಫೀಸಿನ ನಮೂದು ಆಗೋವರೆಗೂ ಬಿಲ್ ಜೋಪಾನ. ನಿಮಗೆ ಹೆಚ್ಚಾಗಿ ಸಿಗೋದು ಪುಣೆಯ ಖಡಕಿ ಕಾರ್ಖಾನೆಯ ಕೆಎಫ್ ಗುರುತಿನ ಗುಂಡು, ರೇಂಜಲ್ಲಿ ಅದೇ ಗುಂಡಲ್ಲಿ ಪಳಗಿ.

ಚುನಾವಣೆ ಬಂದ್ರೆ ಠಾಣೆಗೆ ಜಮಾ ಮಾಡಿ ಅಂತ ಹೇಳಿಕಳಿಸ್ತಾರೆ. ಆಗ ನಳಿಗೆ ಒಳಗೂ ಹೊರಗೂ ಎಣ್ಣೆ ಸವರಿ, ಒಣಬಟ್ಟೆಯಲ್ಲಿ ಸುತ್ತಿ ಕೊಡಿ. ಚರ್ಮದ ಪೌಚಲ್ಲಿ ಹಾಕಿ ಕೊಡಬೇಡಿ, ಚರ್ಮ ತೇವ ಹಿಡಿದು ತುಕ್ಕು ಬರಿಸುತ್ತೆ. ರಸೀದಿಯಲ್ಲಿ ಮ್ಯಾಗಜೀನ್ ಎಷ್ಟು, ಗುಂಡು ಎಷ್ಟು ಅಂತ ಬರೆಸಿಕೊಂಡೇ ಹೊರಡಿ.