ಮರು: ‘ವೆದರಿಂಗ್‌’ಗೆ ಕನ್ನಡ ಪದ ಬೇಕು (ತುರ್ತು)

> ಟ್ಯಾಂಕಿನ 1:35 ಅಳತೆಯ ಮಾದರಿಗೆ ಬಣ್ಣ ಹಚ್ಚುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವೆದರಿಂಗ್’ (ಮಾದರಿಯ ಮೈಗೆ ಧೂಳು, ತುಕ್ಕು, ಬಳಕೆಯ ಗುರುತು ಬರಿಸುವುದು) ಅಧ್ಯಾಯಕ್ಕೆ ನಾಳೆಯೊಳಗೆ ತಲೆಬರಹ ಬೇಕು. ‘ಶಿಥಿಲೀಕರಣ’ ಆದೀತೇ?

ಆಗದು. ಅದು ಭೂಗೋಳದ ಪಾಠದ ಪದ. ಬಂಡೆ ಬಿರಿದು ಪುಡಿಯಾಗುವುದಕ್ಕೆ ಸರಿ. ಇಲ್ಲಿ ಟ್ಯಾಂಕ್ ಗಟ್ಟಿಯಾಗಿಯೇ ಇದೆ, ಕೆಟ್ಟಿರುವುದು ಮೈಬಣ್ಣ.

> ‘ಹಳತಾಗಿಸುವಿಕೆ’. ಅಚ್ಚಗನ್ನಡ. ಚರ್ಚೆ ಮುಗಿಯಿತು.

ಮುಗಿದಿಲ್ಲ. ಕಾರ್ಖಾನೆಯಿಂದ ಬಂದು ವಾರವೂ ಆಗದ ಟ್ಯಾಂಕ್ ಕೂಡ ಮಳೆಯಲ್ಲಿ ಒಂದು ದಿನ ಓಡಿದರೆ ಹೊಟ್ಟೆಯವರೆಗೆ ಕೆಸರು ಮೆತ್ತಿಕೊಳ್ಳುತ್ತದೆ. ಅದು ಹಳತಲ್ಲ, ಬಳಸಿದ್ದು. ಸಿಬ್ಬಂದಿ ಹತ್ತಿಳಿಯುವಲ್ಲಿ, ಮುಚ್ಚಳದ ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿರುತ್ತದೆ. ಹೊಗೆಕೊಳವೆಗೆ ತುಕ್ಕು. ನೆಲಕ್ಕೆ ಉಜ್ಜುವ ಕಡೆ, ಚಕ್ರಗಳನ್ನು ಸುತ್ತುವ ಪಟ್ಟಿಯಾದ ಟ್ರ್ಯಾಕಿನ ಉಕ್ಕು ಬೆಳ್ಳಗೆ ಹೊಳೆಯುತ್ತಿರುತ್ತದೆ. ಇದರಲ್ಲಿ ವಯಸ್ಸಿನ ಮಾತೆಲ್ಲಿ ಬಂತು?

ನನ್ನ ಪದ ‘ಮಾಸಿಸು’. ಬಟ್ಟೆ ಕೊಳೆಯಿಂದ ಮಾಸುತ್ತದೆ, ಬಣ್ಣ ಬಿಸಿಲಿಗೆ ಮಾಸುತ್ತದೆ. ಧೂಳು ಕೂರುವುದು, ಬಣ್ಣ ಕಂದುವುದು ಎರಡನ್ನೂ ಈ ಒಂದೇ ಕ್ರಿಯಾಪದ ಹೊರುತ್ತದೆ, ಕೈಪಿಡಿಗೆ ಬೇಕಾದದ್ದೂ ಅದೇ. ತಮಿಳಿನ ‘ಮಾಸು’ ಎಂದರೂ ಕಲೆ, ಕೊಳೆ, ಬೇರು ನಮ್ಮದೇ. ಆದರೆ ದಯವಿಟ್ಟು ‘ಮಾಸಿಕೆ’ ಎಂದು ನಾಮಪದ ಮಾಡಬೇಡಿ. ಓದುವವರ ಕಣ್ಣು ಅದನ್ನು ‘ಮಾಸಿಕ’ ಎಂದೇ ಹಿಡಿಯುತ್ತದೆ, ಆ ಮಾಸ ಸಂಸ್ಕೃತದ ತಿಂಗಳು. ‘ಬಣ್ಣ ಮಾಸಿಸುವುದು’ ಎಂದರೆ ಗೊಂದಲವಿಲ್ಲ. ಟ್ರ್ಯಾಕಿನ ಹೊಳಪು ಇದರೊಳಗೆ ಬರುವುದಿಲ್ಲ, ಒಪ್ಪುತ್ತೇನೆ. ಅದಕ್ಕೆ ಬೇರೆ ಉಪಶೀರ್ಷಿಕೆ ಕೊಡಿ.

‘ವಾಶ್‌’ಗೆ ಯಾರೋ ‘ತೊಳೆತ’ ಎಂದಿದ್ದಾರೆ. ಕೆಲಸ ಮಾಡಿ ನೋಡಿದವರು ಹಾಗೆನ್ನಲಾರರು. ಕಂದು ಎಣ್ಣೆಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿ, ಕುಂಚದ ತುದಿಯನ್ನು ರಿವೆಟ್ಟಿನ ಬುಡಕ್ಕೆ ಸುಮ್ಮನೆ ತಾಗಿಸುತ್ತೇವೆ; ಬಣ್ಣ ತಾನಾಗಿ ಸುತ್ತ ಹರಿದು ಸಂದಿನಲ್ಲಿ ನಿಲ್ಲುತ್ತದೆ, ಒಣಗಿದ ಮೇಲೆ ರಿವೆಟ್ಟು ಎದ್ದು ಕಾಣುತ್ತದೆ. ಅಲ್ಲಿ ಕೊಳೆ ತೆಗೆಯುವುದಿಲ್ಲ, ಕೂರಿಸುತ್ತೇವೆ. ‘ತೊಳೆತ’ ಎಂದರೆ ಅರ್ಥ ತಲೆಕೆಳಗು. ‘ವಾಶ್’ ಎಂದೇ ಬಿಡಿ.

> ಟ್ಯಾಂಕನ್ನೂ ‘ಕಾಳಗಬಂಡಿ’ ಮಾಡಿ. ಬಣ್ಣದ ಪುಸ್ತಕದಲ್ಲಿ ಒಂದೂ ಎರವಲು ಪದ ಬೇಡ.

‘ಬಣ್ಣ’ ಯಾವುದು ಸ್ವಾಮಿ? ‘ವರ್ಣ’ದ ತದ್ಭವ. ನಿಮ್ಮ ನಿಯಮಕ್ಕೆ ನಿಮ್ಮ ವಾಕ್ಯವೇ ನಿಲ್ಲುವುದಿಲ್ಲ. ಇನ್ನು ‘ಟ್ಯಾಂಕ್’: 1915ರ ಕೊನೆಯಲ್ಲಿ ಬ್ರಿಟನ್ನಿನವರು ಯಂತ್ರದ ಗುಟ್ಟು ಹೊರಬೀಳದಿರಲೆಂದು, ಕೇಳಿದವರು ನೀರಿನ ತೊಟ್ಟಿ ಅಂದುಕೊಳ್ಳಲಿ ಎಂದು ಇಟ್ಟ ಹೆಸರು ಅದು. 1916ರ ಸೆಪ್ಟೆಂಬರ್ 15ರಂದು ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ಅದು ಮೊದಲ ಸಲ ರಣರಂಗಕ್ಕಿಳಿಯಿತು. ಗುಟ್ಟು ಅಂದೇ ಹೋಯಿತು, ಹೆಸರು ಉಳಿಯಿತು. ಹುಟ್ಟಿದ ಭಾಷೆಯಲ್ಲೇ ಮರೆಮಾಚಲು ಇಟ್ಟ ಹೆಸರಿನಲ್ಲಿ ಅನುವಾದಿಸಲು ಅರ್ಥವೇನಿದೆ? ಪತ್ರಿಕೆಗಳು ಟ್ಯಾಂಕ್ ಎನ್ನುತ್ತವೆ, ಮಕ್ಕಳೂ ಟ್ಯಾಂಕ್ ಎನ್ನುತ್ತಾರೆ. ಇಲ್ಲದ ಪದ ತಂದರೆ ಸಂತೋಷ, ಇರುವ ಪದವನ್ನು ಕಿತ್ತುಹಾಕುವುದಕ್ಕೆ ನಾನು ಸೇರುವುದಿಲ್ಲ.

ಕೇಳಿದವರಿಗೆ: ತಲೆಬರಹ ‘ಬಣ್ಣ ಮಾಸಿಸುವುದು’ ಇರಲಿ, ಕೆಳಗಿನ ಮೊದಲ ಸಾಲಿನಲ್ಲಿ ‘ವೆದರಿಂಗ್’ ಎಂದೂ ಒಮ್ಮೆ ಹೇಳಿ. ಚಿಪ್ಪಿಂಗ್‌ಗೆ ‘ಚಕ್ಕೆ ಎಬ್ಬಿಸುವುದು’. ಇಡೀ ಮೈಗೆ ತೀರಾ ತೆಳ್ಳಗೆ ಸವರಿ ಮೂಲಬಣ್ಣದ ಛಾಯೆ ಬದಲಿಸುವ ‘ಫಿಲ್ಟರ್‌’ಗೆ ಏನು ಬರೆದಿದ್ದೀರಿ? ನನಗಿನ್ನೂ ಪದ ಸಿಕ್ಕಿಲ್ಲ.