ಡಿಸ್ಕ್ ಕೈಕೊಟ್ಟಾಗ ಲೆಕ್ಕ ವಾಪಸ್ ಬರುತ್ತದಾ? ಅಂಗಡಿ, ಮಂಡಿಯವರ ಪ್ರಶ್ನೋತ್ತರ

ಪ್ರಶ್ನೆ (ಕಾಫಿ ವ್ಯಾಪಾರಿ, ಮೂಡಿಗೆರೆ): ಬೆಳೆಗಾರರಿಗೆ ಕೊಟ್ಟ ಅಡ್ವಾನ್ಸ್, ತೂಕ, ಒಂದೊಂದು ಲಾಟ್‌ನ ಓಟಿ (ಔಟ್‌ಟರ್ನ್, ಅಂದರೆ ಕಾಯಿಯಿಂದ ಸಿಗುವ ಬೀಜದ ಪ್ರಮಾಣ), ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ ಟ್ಯಾಲಿ ಮತ್ತು ಎಕ್ಸೆಲ್‌ನಲ್ಲಿದೆ. ನಿನ್ನೆ ಗುಡುಗು ಮಳೆಗೆ ಎರಡು ಮೂರು ಸಲ ಕರೆಂಟ್ ಹೋಗಿ ಬಂತು. ಆಮೇಲೆ ಡಿ ಡ್ರೈವ್ ತೆರೆದರೆ ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳಿತು. ಹುಡುಗ ಓಕೆ ಒತ್ತಿಬಿಟ್ಟ. ಈಗ ಡ್ರೈವ್ ಖಾಲಿ ತೋರಿಸುತ್ತಿದೆ. 1 ಟಿಬಿಯ ಹಳೆಯ ಹಾರ್ಡ್ ಡಿಸ್ಕ್, ವಿಚಿತ್ರ ಶಬ್ದವೇನೂ ಇಲ್ಲ. ರಿಕವರಿ ಸಾಫ್ಟ್‌ವೇರ್ ಇಳಿಸಿಕೊಂಡು ನೋಡಲಾ?

ಉತ್ತರ: ಬೇಡ. ಮೊದಲು ಆ ಕಂಪ್ಯೂಟರ್ ಆಫ್ ಮಾಡಿ. ಇದನ್ನು ಮೊಬೈಲ್‌ನಲ್ಲೇ ಓದಿ.

ನಿಮ್ಮ ಲೆಕ್ಕ ಇನ್ನೂ ಡಿಸ್ಕ್ ಮೇಲೆ ಇರುವ ಸಾಧ್ಯತೆ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ. ವಿಂಡೋಸ್ ಯಾವ ಫೈಲ್ ಡಿಸ್ಕ್‌ನ ಯಾವ ಜಾಗದಲ್ಲಿದೆ ಅಂತ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಗೋದಾಮಿನ ರಿಜಿಸ್ಟರ್ ಇದ್ದ ಹಾಗೆ. ಕರೆಂಟ್ ಹೋದಾಗ ಆ ಪಟ್ಟಿ ಅರ್ಧ ಬರೆದ ಸ್ಥಿತಿಯಲ್ಲಿ ಉಳಿದಿರಬಹುದು. ಅದಕ್ಕೇ ವಿಂಡೋಸ್‌ಗೆ ಡ್ರೈವ್ ಗುರುತು ಸಿಗಲಿಲ್ಲ. ಹುಡುಗ ಒತ್ತಿದ್ದು ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ, ವಿಂಡೋಸ್ ಹೊಸ ರಿಜಿಸ್ಟರ್ ತೆರೆದಿದೆ ಅಷ್ಟೆ. ಮೂಟೆಗಳು ಇದ್ದಲ್ಲೇ ಇವೆ. ಆದರೆ ಹೊಸ ರಿಜಿಸ್ಟರ್ ಪ್ರಕಾರ ಜಾಗವೆಲ್ಲ ಖಾಲಿ. ಹಾಗಾಗಿ ಇನ್ನು ಮುಂದೆ ಆ ಡ್ರೈವ್‌ಗೆ ಏನೇ ಬರೆದರೂ ಹಳೆಯ ಲೆಕ್ಕದ ಮೇಲೇ ಬಿದ್ದೀತು. ಹಾಗೆ ಅಡಿಗೆ ಸಿಕ್ಕಿ ಅಳಿದ ಹಳೆಯ ಲೆಕ್ಕವನ್ನು ಯಾರಿಂದಲೂ ವಾಪಸ್ ತೆಗೆಯಲಾಗುವುದಿಲ್ಲ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕ್‌ಗೆ ಹಾಕಬೇಡಿ ಅನ್ನುವುದು ಇದಕ್ಕೇ.

ಫಾರ್ಮ್ಯಾಟ್ ಕೆಲವೇ ಸೆಕೆಂಡಿನಲ್ಲಿ ಮುಗಿಯಿತಾ, ಗಂಟೆಗಟ್ಟಲೆ ಓಡಿತಾ ಅಂತ ಹುಡುಗನನ್ನು ಕೇಳಿ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಫುಲ್ ಫಾರ್ಮ್ಯಾಟ್ ಇಡೀ ಡ್ರೈವ್‌ಗೆ ಸೊನ್ನೆ ಬರೆಯುತ್ತದೆ. ಅದು ಮುಗಿದಿದ್ದರೆ ಆಸೆ ಇಲ್ಲ. ತಾನಾಗಿ ಕಾಣಿಸಿಕೊಳ್ಳುವ ಆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕ್ವಿಕ್ ಅಂತಲೇ ಟಿಕ್ ಆಗಿರುತ್ತದೆ. ಹುಡುಗನನ್ನು ಬೈಯಬೇಡಿ. ಅಲ್ಲಿ ಆ ಪ್ರಶ್ನೆ ಬಂದರೆ ಯಾರಾದರೂ ಓಕೆ ಒತ್ತುತ್ತಾರೆ.

ಇನ್ನು ರಿಕವರಿ ಮಾಡುವ ಕ್ರಮ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಎರಡನೇ ಡಿಸ್ಕ್ ಆಗಿ ಸೇರಿಸಬೇಕು. ಸೇರಿಸಿದ ತಕ್ಷಣ ಹುಡುಕಲು ಶುರು ಮಾಡುವುದಲ್ಲ. ಮೊದಲು ಇಡೀ ಡಿಸ್ಕ್‌ನ ಒಂದು ಇಮೇಜ್ ತೆಗೆಯಬೇಕು, ಅಂದರೆ ಮೊದಲ ಸೆಕ್ಟರ್‌ನಿಂದ ಕೊನೆಯದರವರೆಗೆ ಇದ್ದದ್ದು ಇದ್ದ ಹಾಗೆ ನಕಲು. ಅದಕ್ಕೆ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನ ಇದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ನಕಲು ಮಾಡಿ, ಕೆಟ್ಟ ಭಾಗವನ್ನು ಕೊನೆಗೆ ಮತ್ತೆ ಮತ್ತೆ ಓದಲು ನೋಡುತ್ತದೆ. ಆಮೇಲಿನ ಹುಡುಕಾಟವೆಲ್ಲ ನಕಲಿನ ಮೇಲೇ ನಡೆಯಬೇಕು. ರಿಪೇರಿಯವರು ಅಸಲಿ ಡಿಸ್ಕ್ ಮೇಲೆ ನೇರವಾಗಿ ಚೆಕ್‌ಡಿಸ್ಕ್ ಓಡಿಸಲು ಹೊರಟರೆ ತಡೆಯಿರಿ. ಚೆಕ್‌ಡಿಸ್ಕ್ ಡ್ರೈವನ್ನು ಸರಿ ಮಾಡಲು ಇರುವುದು. ಆ ಕೆಲಸದಲ್ಲಿ ನಿಮ್ಮ ಫೈಲ್ ತುಂಡಾದರೂ ಅದಕ್ಕೆ ಚಿಂತೆ ಇಲ್ಲ.

ಟ್ಯಾಲಿ ಲೆಕ್ಕ ಒಂದೇ ಫೈಲ್ ಅಲ್ಲ. ಅಂಕಿಯ ಹೆಸರಿರುವ ಫೋಲ್ಡರ್‌ನಲ್ಲಿ ಹಲವು ಫೈಲ್‌ಗಳಾಗಿ ಇರುತ್ತದೆ. ಫೋಲ್ಡರ್ ಪೂರ್ತಿ ಬರಬೇಕು, ಅರ್ಧ ಬಂದರೆ ಕಂಪನಿ ತೆರೆಯುವುದು ಕಷ್ಟ. ಎಕ್ಸೆಲ್ ಹಾಗಲ್ಲ, ಒಂದೊಂದು ಫೈಲೂ ಬಿಡಿಬಿಡಿಯಾಗಿ ಸಿಗಬಹುದು.

ಕಾಯುವ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಿ. ಆಡಿಟರ್‌ಗೆ ಕಳಿಸಿದ್ದ ಬ್ಯಾಕಪ್, ಇಮೇಲ್‌ನ ಸೆಂಟ್ ಫೋಲ್ಡರ್, ವಾಟ್ಸಾಪ್‌ನಲ್ಲಿ ಕಳಿಸಿದ ಶೀಟ್‌ಗಳು, ಎಲ್ಲ ಹುಡುಕಿ. ಸಲ್ಲಿಸಿದ ಮಾರಾಟದ ವಿವರ ಜಿಎಸ್‌ಟಿ ಪೋರ್ಟಲ್‌ನಲ್ಲಿದೆ, ಹಣದ ವಿವರ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿದೆ. ಅಲ್ಲೆಲ್ಲೂ ಸಿಗದಿರುವುದು ಬೆಳೆಗಾರರ ಅಡ್ವಾನ್ಸ್ ಮತ್ತು ಓಟಿ. ರಿಕವರಿ ಮಾಡುವವರಿಗೆ ಆ ಎಕ್ಸೆಲ್ ಫೈಲ್‌ಗಳ ಹೆಸರನ್ನೇ ಮೊದಲು ಬರೆದುಕೊಡಿ.

ಪ್ರಶ್ನೆ (ಔಷಧಿ ಅಂಗಡಿ, ಹಾಸನ): ನಮ್ಮದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್. ಬಿಲ್ಲಿಂಗ್ ಫೋಲ್ಡರ್ ಶಿಫ್ಟ್ ಡಿಲೀಟ್ ಆಗಿ (ರೀಸೈಕಲ್ ಬಿನ್‌ಗೂ ಹೋಗದೆ) ಒಂದು ವಾರ ಆಯಿತು. ಹಾರ್ಡ್ ಡಿಸ್ಕ್ ಆಗಿದ್ದರೆ ತೆಗೆಯಬಹುದಿತ್ತು, ಇದರಲ್ಲಿ ಆಗಲ್ಲ ಅಂತ ಟೆಕ್ನೀಷಿಯನ್ ಹೇಳುತ್ತಾರೆ. ಸುಮ್ನೆ ಜಾರಿಕೊಳ್ಳುತ್ತಿದ್ದಾರಾ?

ಉತ್ತರ: ಇಲ್ಲ, ಅವರು ಹೇಳಿದ್ದು ಸರಿ. ಎಸ್‌ಎಸ್‌ಡಿಯಲ್ಲಿ ಹೊಸದು ಬರೆಯಬೇಕಾದರೆ ಹಳೆಯದನ್ನು ಮೊದಲು ಅಳಿಸಿರಬೇಕು. ಅದಕ್ಕೆ ಫೈಲ್ ಡಿಲೀಟ್ ಆದಾಗ ವಿಂಡೋಸ್ ಈ ಜಾಗ ಇನ್ನು ಬೇಡ ಅಂತ ಡಿಸ್ಕ್‌ಗೆ ಹೇಳಿಬಿಡುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. 2009ರ ವಿಂಡೋಸ್ 7ರಿಂದ ಇದೆ. ಆಮೇಲೆ ಡಿಸ್ಕ್ ತನ್ನ ಪಾಡಿಗೆ ಆ ಜಾಗ ಸ್ವಚ್ಛ ಮಾಡುತ್ತದೆ. ಸಾಫ್ಟ್‌ವೇರ್ ಅಲ್ಲಿ ಓದಲು ಹೋದರೆ ಬರೀ ಸೊನ್ನೆ ಸಿಗುತ್ತದೆ. ವೇಗಕ್ಕೆ ಎಸ್‌ಎಸ್‌ಡಿ ತಗೊಳ್ಳಿ, ಖಂಡಿತ ಒಳ್ಳೆಯದೇ. ಆದರೆ ಎಸ್‌ಎಸ್‌ಡಿ ಇರುವ ಅಂಗಡಿಗೆ ಬ್ಯಾಕಪ್ ಇನ್ನೂ ಜಾಸ್ತಿ ಮುಖ್ಯ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ತಾನಾಗಿ ಬೇರೆ ಫೋಲ್ಡರ್‌ಗೆ ಬ್ಯಾಕಪ್ ಹಾಕುತ್ತಿತ್ತಾ ನೋಡಿ. ಅದು ಗೂಗಲ್ ಡ್ರೈವ್‌ನಲ್ಲಿದ್ದು ಅಲ್ಲೂ ಅಳಿದಿದ್ದರೆ, ಅದರ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಇವತ್ತೇ ನೋಡಿ.

ಪ್ರಶ್ನೆ (ಹಾರ್ಡ್‌ವೇರ್ ಅಂಗಡಿ, ಚಿಕ್ಕಮಗಳೂರು): ನಮ್ಮ ಸರ್ವರ್‌ನಲ್ಲಿ ಎರಡು ಡಿಸ್ಕ್ ಮಿರರ್ ಇದೆ, ರೇಡ್ 1, ಅಂದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತದೆ. ಹಾಗಾದರೆ ಬೇರೆ ಬ್ಯಾಕಪ್ ಬೇಕಾಗಿಲ್ಲ ಅಲ್ವಾ?

ಉತ್ತರ: ಬೇಕು. ಒಂದು ಡಿಸ್ಕ್ ಸತ್ತರೂ ಕೌಂಟರ್‌ನಲ್ಲಿ ಬಿಲ್ ನಿಲ್ಲಬಾರದು ಅಂತ ಮಿರರ್ ಇರುವುದು. ನೀವು ತಪ್ಪಿ ಡಿಲೀಟ್ ಮಾಡಿದರೆ ಆ ಡಿಲೀಟ್ ಕೂಡ ಅದೇ ಕ್ಷಣ ಎರಡೂ ಕಡೆ ಆಗುತ್ತದೆ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೂ ಅಷ್ಟೆ, ಸಿಡಿಲಿನ ಏಟು ಬಿದ್ದರೂ ಅಷ್ಟೆ. ಎರಡೂ ಡಿಸ್ಕ್ ಒಂದೇ ಪೆಟ್ಟಿಗೆಯಲ್ಲಿವೆ ತಾನೇ?

ನನ್ನ ಸಲಹೆ ಇದು. ಎರಡು ಯುಎಸ್‌ಬಿ ಹಾರ್ಡ್ ಡಿಸ್ಕ್ ತಗೊಳ್ಳಿ. ದಿನಾ ರಾತ್ರಿ ಒಂದಕ್ಕೆ ಬ್ಯಾಕಪ್ ತೆಗೆದು ಕೇಬಲ್ ಬಿಚ್ಚಿಡಿ. ವಾರಕ್ಕೊಮ್ಮೆ ಅದನ್ನು ಮನೆಗೆ ಒಯ್ದು, ಮನೆಯಲ್ಲಿದ್ದದ್ದನ್ನು ಅಂಗಡಿಗೆ ತನ್ನಿ. ಬಿಚ್ಚಿಡುವುದನ್ನು ಮಾತ್ರ ಮರೆಯಬೇಡಿ. ಸೇರಿಸಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಕೂಡ ಕಾಣುತ್ತದೆ, ಅದಕ್ಕೂ ಬೀಗ ಹಾಕುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಎಣಿಸುವುದಿಲ್ಲ. ಜಿಎಸ್‌ಟಿ ಕಾನೂನಿನಲ್ಲಿ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು. ಒಂದು ಡಿಸ್ಕ್ ಅಷ್ಟು ವರ್ಷ ಬಾಳುತ್ತದೆ ಅಂತ ನಂಬಿ ಕೂರಬೇಡಿ.

ಪ್ರಶ್ನೆ (ಫೋಟೋ ಸ್ಟುಡಿಯೋ, ಸಕಲೇಶಪುರ): ಹಾರ್ಡ್ ಡಿಸ್ಕ್ ಕಟ್ ಕಟ್ ಅಂತ ಶಬ್ದ ಮಾಡುತ್ತಿದೆ. ಫ್ರೀಜರ್‌ನಲ್ಲಿಟ್ಟರೆ ಓಡುತ್ತದೆ ಅಂತ ವಿಡಿಯೋ ನೋಡಿದೆ. ಮದುವೆ ಫೋಟೋ ಇದೆ ಸರ್.

ಉತ್ತರ: ಫ್ರೀಜರ್ ಬೇಡವೇ ಬೇಡ. ಹೊರಗೆ ತೆಗೆದಾಗ ತೇವ ಕೂರುತ್ತದೆ, ಮಲೆನಾಡಿನ ಗಾಳಿಯಲ್ಲಂತೂ ಇನ್ನೂ ಬೇಗ. ಆ ಶಬ್ದ ಬಂದರೆ ಸಾಮಾನ್ಯವಾಗಿ ಹೆಡ್, ಅಂದರೆ ಡೇಟಾ ಓದಿ ಬರೆಯುವ ತುದಿ, ಕೆಟ್ಟಿರುತ್ತದೆ. ಒಳಗೆ ಪ್ಲ್ಯಾಟರ್ (ಡೇಟಾ ಇರುವ ತಟ್ಟೆ) ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಹೆಡ್ ಅದರಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ಒಂದು ಧೂಳಿನ ಕಣ ಆ ಸಂದಿಗಿಂತ ದೊಡ್ಡದು. ಕೆಟ್ಟ ಹೆಡ್ ಪ್ಲ್ಯಾಟರನ್ನು ಕೆರೆದರೆ ಆ ಜಾಗದ ಫೋಟೋ ಹೋದಂತೆಯೇ. ಇನ್ನೊಂದು ಸಲ ಆನ್ ಮಾಡಿ ನೋಡೋಣ ಅನ್ನಬೇಡಿ. ಇದನ್ನು ಧೂಳಿಲ್ಲದ ಕ್ಲೀನ್ ರೂಮ್ ಇರುವ ಲ್ಯಾಬ್‌ನಲ್ಲೇ ತೆರೆಯಬೇಕು. ನನ್ನ ಟೇಬಲ್ ಮೇಲೆ ನಾನೂ ತೆರೆಯುವುದಿಲ್ಲ. ಅದೇ ಮಾಡೆಲ್‌ನ ಬೇರೆ ಡಿಸ್ಕ್‌ನ ಬೋರ್ಡ್ ಹಾಕುತ್ತೇನೆ ಅನ್ನುವವರ ಕೈಗೂ ಕೊಡಬೇಡಿ. ಈಗಿನ ಡಿಸ್ಕ್‌ಗಳ ಬೋರ್ಡ್‌ನಲ್ಲಿ ಆಯಾ ಡಿಸ್ಕ್‌ಗೆ ಮಾತ್ರ ಹೊಂದುವ ಮಾಹಿತಿ ಇರುತ್ತದೆ. ಖರ್ಚು ಎಷ್ಟು, ಡೇಟಾ ಬರದಿದ್ದರೆ ಎಷ್ಟು ಅಂತ ಲ್ಯಾಬ್‌ನವರಿಂದ ಮೊದಲೇ ಬರಹದಲ್ಲಿ ಪಡೆಯಿರಿ.

ಅಂದ ಹಾಗೆ ಕ್ಯಾಮೆರಾದ ಕಾರ್ಡ್‌ಗಳು ಇನ್ನೂ ಇವೆಯಾ? ಆ ಮದುವೆಯ ಕಾರ್ಡ್ ಬೇರೆ ಕೆಲಸಕ್ಕೆ ಬಳಸದಿದ್ದರೆ ಪಕ್ಕಕ್ಕೆ ಎತ್ತಿಡಿ. ಫಾರ್ಮ್ಯಾಟ್ ಆಗಿದ್ದರೂ ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಬರಬಹುದು.

ಪ್ರಶ್ನೆ (ಸಹಕಾರ ಸಂಘದ ಸಿಬ್ಬಂದಿ, ಬೇಲೂರು): ಫಾರ್ಮ್ಯಾಟ್ ಆದರೂ ಡೇಟಾ ಇರುತ್ತದೆ ಅಂದಿರಿ. ಸದಸ್ಯರ ಆಧಾರ್, ಪಾಸ್‌ಬುಕ್ ವಿವರ ಇರುವ ಹಳೆಯ ಕಂಪ್ಯೂಟರ್‌ಗಳನ್ನು ನಾವು ಮಾರಲು ಇಟ್ಟಿದ್ದೇವೆ. ಏನು ಮಾಡಬೇಕು?

ಉತ್ತರ: ಕೇಳಿದ್ದು ಬಹಳ ಒಳ್ಳೆಯದಾಯಿತು. ಕ್ವಿಕ್ ಫಾರ್ಮ್ಯಾಟ್ ಮಾಡಿ ಮಾರಿದರೆ ಆ ವಿವರವನ್ನೂ ಸೇರಿಸಿ ಮಾರಿದ ಹಾಗೆ. ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾರಿ, ಅದೇ ಸುಲಭ. ಡಿಸ್ಕ್ ಸಮೇತ ಮಾರಲೇಬೇಕಾದರೆ, ಹಾರ್ಡ್ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಸೇರಿಸಿ ಸಿ ಡ್ರೈವ್ ಸಹಿತ ಎಲ್ಲವನ್ನೂ ಫುಲ್ ಫಾರ್ಮ್ಯಾಟ್ ಮಾಡಿ. ಎಸ್‌ಎಸ್‌ಡಿ ಆದರೆ ಅದರ ತಯಾರಕರ ಸಾಫ್ಟ್‌ವೇರ್‌ನಲ್ಲಿ ಸೆಕ್ಯೂರ್ ಇರೇಸ್ ಅಂತ ಇರುತ್ತದೆ, ಅದನ್ನು ಬಳಸಿ. ಆನ್ ಆಗದೇ ಕೆಟ್ಟುಹೋದ ಹಾರ್ಡ್ ಡಿಸ್ಕ್ ಇದ್ದರೆ ಪ್ಲ್ಯಾಟರ್‌ಗೆ ತಾಗುವಂತೆ ಎರಡು ಮೂರು ಕಡೆ ಡ್ರಿಲ್ ಮಾಡಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಹೇಳಿ. ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.